ಸಿಲಿಂಡರ್ ಪವರ್ ಇದ್ದವರಿಗೆ ಲೆನ್ಸ್: ಕಣ್ಣಲ್ಲಿ ತಿರುಗದೆ ನಿಲ್ಲುವುದನ್ನು ಹುಡುಕುವ ಬಗೆ

“ನಿಮಗೆ ಸಿಲಿಂಡರ್ ಇದೆ, ಕಾಂಟ್ಯಾಕ್ಟ್ ಲೆನ್ಸ್ ಆಗಿಬರಲ್ಲ.” ಈ ಮಾತು ಕೇಳಿ ಮತ್ತೆ ಕನ್ನಡಕಕ್ಕೇ ಮರಳಿದವರು ಎಷ್ಟೋ ಜನ. ನಾನೂ ಎರಡು ವರ್ಷ ಹಾಗೇ ಇದ್ದೆ. ಸಿಲಿಂಡರ್ ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದಾಗ ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಹೆಚ್ಚಿನ ಪವರ್, ಆಕ್ಸಿಸ್ ಅಂದರೆ ಅದು ಕೂರಬೇಕಾದ ಕೋನ. ನನ್ನ ಎಡಗಣ್ಣಿನ ಪವರ್ -2.50, ಸಿಲಿಂಡರ್ -2.00, ಆಕ್ಸಿಸ್ 170. ಮೊದಲು ಹೋದ ಅಂಗಡಿಯಲ್ಲಿ -3.50ರ ಮಾಮೂಲಿ ಲೆನ್ಸ್ ಕೊಟ್ಟರು. ಸಿಲಿಂಡರ್‌ನ ಅರ್ಧವನ್ನು ಪವರ್‌ಗೆ ಸೇರಿಸಿ ಕೊಡುವ ಲೆಕ್ಕ ಅದು. ಹಗಲು ಹೇಗೋ ಸಾಗಿತು. ರಾತ್ರಿ ಸ್ಕೂಟರ್ ಹತ್ತಿದರೆ ಎದುರು ಬರುವ ಪ್ರತಿ ಹೆಡ್‌ಲೈಟಿಗೂ ಒಂದು ಬಾಲ. ಬಸ್ಸಿನ ಬೋರ್ಡಿನಲ್ಲಿ 3 ಯಾವುದು, 8 ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ಈಗ ಅದೇ ಕಣ್ಣಿಗೆ ಟೋರಿಕ್, ಅಂದರೆ ಸಿಲಿಂಡರ್ ಪವರ್ ಕೂಡ ಇರುವ ಲೆನ್ಸ್ ಹಾಕಿಕೊಂಡು ದಿನಕ್ಕೆ ಹತ್ತು ಗಂಟೆ ಆರಾಮಾಗಿ ಇರುತ್ತೇನೆ. ಈ ದಾರಿಯಲ್ಲಿ ನಾನು ಕಲಿತ ಮುಖ್ಯ ವಿಷಯ ಒಂದೇ. ಸಿಲಿಂಡರ್ ಇದ್ದವರಿಗೆ ಪವರ್ ಸರಿ ಇದ್ದರೆ ಸಾಲದು, ಲೆನ್ಸ್ ಕಣ್ಣಿನ ಮೇಲೆ ತಿರುಗದೆ ನಿಲ್ಲಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಅದಕ್ಕಾಗಿಯೇ.

ಲೆನ್ಸ್ ತಿರುಗಿದರೆ ಏನಾಗುತ್ತದೆ?

ಊಟದ ಚಮಚದ ಬೆನ್ನು ನೋಡಿ. ಉದ್ದಕ್ಕೆ ಬಾಗು ಕಡಿಮೆ, ಅಡ್ಡಕ್ಕೆ ಜಾಸ್ತಿ. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಸ್ವಲ್ಪ ಹಾಗಿದ್ದರೆ ಅದೇ ಅಸ್ಟಿಗ್ಮ್ಯಾಟಿಸಂ. ಒಂದು ದಿಕ್ಕಿನ ಗೆರೆ ಚೂಪಾಗಿ ಕಾಣುತ್ತದೆ, ಇನ್ನೊಂದು ದಿಕ್ಕಿನದು ಮಸುಕು. 1801ರಲ್ಲಿ ಥಾಮಸ್ ಯಂಗ್ ಎಂಬ ವೈದ್ಯ ತನ್ನ ಕಣ್ಣಿನಲ್ಲೇ ಇದನ್ನು ಅಳೆದು ಬರೆದಿಟ್ಟ. 1825ರಲ್ಲಿ ಜಾರ್ಜ್ ಏರಿ ಎಂಬ ಇಂಗ್ಲೆಂಡಿನ ವಿಜ್ಞಾನಿ ತನ್ನ ಎಡಗಣ್ಣಿಗೆ ಸಿಲಿಂಡರ್ ಗಾಜು ಮಾಡಿಸಿಕೊಂಡ. ಇವತ್ತು ನಮ್ಮ ಚೀಟಿಯಲ್ಲಿ ಬರುವ ಸಿಲಿಂಡರ್ ಎಂಬ ಪದದ ಹಿಂದೆ ಇರುವುದು ಆ ಗಾಜಿನ ಆಕಾರ.

ಕನ್ನಡಕ ಕಿವಿ, ಮೂಗಿನ ಮೇಲೆ ಕೂತಿರುತ್ತದೆ, ಗಾಜು ತಿರುಗುವುದಿಲ್ಲ. ಲೆನ್ಸ್ ಹಾಗಲ್ಲ, ಕಣ್ಣೀರಿನ ಮೇಲೆ ತೇಲುತ್ತಿರುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಸ್ವಲ್ಪ ಅಲುಗಾಡುತ್ತದೆ. ಮಾಮೂಲಿ ಲೆನ್ಸ್ ತಿರುಗಿದರೆ ಏನೂ ಆಗದು, ಎಲ್ಲ ಕಡೆ ಒಂದೇ ಪವರ್. ಟೋರಿಕ್ ಲೆನ್ಸ್ 10 ಡಿಗ್ರಿ ತಿರುಗಿದರೆ ಸಿಲಿಂಡರ್‌ನ ಸುಮಾರು ಮೂರನೇ ಒಂದು ಭಾಗ ಸರಿಪಡದೆ ಹಾಗೇ ಉಳಿಯುತ್ತದೆ. 30 ಡಿಗ್ರಿ ತಿರುಗಿತೋ, ಟೋರಿಕ್ ಹಾಕಿದ್ದೇ ವ್ಯರ್ಥ. 10 ಡಿಗ್ರಿ ಎಂದರೆ ಎಷ್ಟು? ಗಡಿಯಾರದ ನಿಮಿಷದ ಮುಳ್ಳು ಎರಡು ಗೆರೆ ಸರಿದರೆ 12 ಡಿಗ್ರಿ. ಅಷ್ಟು ಸಣ್ಣ ಅಳತೆ.

ಒಂದೇ ಕಂಪನಿಯ ಲೆನ್ಸ್ ನಿಮ್ಮ ಗೆಳತಿಗೆ ಚೆನ್ನಾಗಿದ್ದು ನಿಮಗೆ ಮಸುಕಾಗಲು ಕಾರಣವೂ ಇದೇ. ಅವರ ಸಿಲಿಂಡರ್ -0.75 ಇದ್ದರೆ 10 ಡಿಗ್ರಿ ತಿರುಗಿದರೂ ಉಳಿಯುವುದು ಕಾಲು ಪವರ್, ಗೊತ್ತೇ ಆಗುವುದಿಲ್ಲ. ನಿಮ್ಮದು -2.25 ಇದ್ದರೆ ಮುಕ್ಕಾಲು ಪವರ್ ಉಳಿಯುತ್ತದೆ. ಬೋರ್ಡಿನ ಅಕ್ಷರ ಅಲ್ಲೇ ಮಬ್ಬಾಗುತ್ತದೆ.

ಹೆಜ್ಜೆ 1: ಲೆನ್ಸ್ ಕೇಳುವ ಮುಂಚೆ ಕಣ್ಣು ತೋರಿಸಿ

ಹಳೆಯ ಕನ್ನಡಕದ ಚೀಟಿ ಹಿಡಿದು ಲೆನ್ಸ್ ತರಲು ಹೋಗಬೇಡಿ. ಕಣ್ಣಿನ ಡಾಕ್ಟರ್ ಅಥವಾ ಆಪ್ಟೋಮೆಟ್ರಿಸ್ಟ್ ಹತ್ತಿರ ಹೊಸದಾಗಿ ಪವರ್ ನೋಡಿಸಿ. ಜೊತೆಗೆ ಎರಡು ವಿಷಯ ಕೇಳಿ ತಿಳಿದುಕೊಳ್ಳಿ.

ಒಂದು, ಕಣ್ಣೀರು ಸಾಕಷ್ಟಿದೆಯಾ? ಹಳದಿ ಬಣ್ಣದ ಡೈ ಹಾಕಿ, ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ನೋಡುತ್ತಾರೆ. ಒಣಗಣ್ಣಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ. ಒಣ ಕಣ್ಣಿನ ಮೇಲೆ ಎಂಥ ಒಳ್ಳೆ ಲೆನ್ಸ್ ಕೂಡ ಎಳೆದಾಡುತ್ತದೆ.

ಇನ್ನೊಂದು, ನಿಮ್ಮ ಕಾರ್ನಿಯಾದ ಬಾಗು ನೇರ್ಪಾಗಿದೆಯಾ, ಇಲ್ಲ ಏರುಪೇರಾಗಿದೆಯಾ? ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಸಿಲಿಂಡರ್ ಪದೇ ಪದೇ ಏರುತ್ತಿದ್ದರೆ, ಹೊಸ ಕನ್ನಡಕದಲ್ಲೂ ಅಕ್ಷರಕ್ಕೆ ನೆರಳು ಕಂಡರೆ, ಕಣ್ಣು ತುಂಬಾ ಉಜ್ಜುವ ಅಭ್ಯಾಸವಿದ್ದರೆ ಕೆರಟೋಕೋನಸ್ ಇರಬಹುದು. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುತ್ತಾ ಹೋಗುವ ತೊಂದರೆ ಅದು. ಕಾರ್ನಿಯಲ್ ಟೊಪಾಗ್ರಫಿ ಎಂಬ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಇದೆ. ಬೇಗ ಗೊತ್ತಾದರೆ ಕಾರ್ನಿಯಾವನ್ನು ಗಟ್ಟಿ ಮಾಡುವ ಸಿ3ಆರ್ ಎಂಬ ಚಿಕಿತ್ಸೆಯಿಂದ ಅದು ಮುಂದುವರಿಯುವುದನ್ನು ತಡೆಯಬಹುದು. ಸುಮ್ನೆ ಲೆನ್ಸ್ ಬದಲಿಸುತ್ತಾ ಕೂತರೆ ಆ ಸಮಯ ಕೈತಪ್ಪುತ್ತದೆ.

ಹೆಜ್ಜೆ 2: ಚೀಟಿ ಓದಲು ಕಲಿಯಿರಿ

ಕನ್ನಡಕದ ಚೀಟಿಯಲ್ಲಿ ಮೂರು ಅಂಕಿ: ಸ್ಫಿಯರ್ ಅಂದರೆ ಮುಖ್ಯ ಪವರ್, ಸಿಲಿಂಡರ್ ಅಂದರೆ ಎರಡು ದಿಕ್ಕಿನ ನಡುವಿನ ವ್ಯತ್ಯಾಸ, ಆಕ್ಸಿಸ್ ಅಂದರೆ ಆ ಸಿಲಿಂಡರ್ ಯಾವ ಕೋನದಲ್ಲಿ ಕೂರಬೇಕು ಎಂಬುದು. ಲೆನ್ಸ್ ಚೀಟಿಯಲ್ಲಿ ಇದರ ಜೊತೆ ಲೆನ್ಸ್‌ನ ಹೆಸರು, ಬೇಸ್ ಕರ್ವ್, ಡಯಾಮೀಟರ್ ಇರಬೇಕು. ಬೇಸ್ ಕರ್ವ್ ಅಂದರೆ ಒಳಬಾಗು, ಡಯಾಮೀಟರ್ ಅಂದರೆ ಅಗಲ. 8.6, 14.5 ಅಂತ ಡಬ್ಬಿಯ ಮೇಲೆ ಕಾಣುತ್ತದಲ್ಲ, ಅವೇ.

ಕನ್ನಡಕದ ಅಂಕಿ, ಲೆನ್ಸ್‌ನ ಅಂಕಿ ಒಂದೇ ಆಗಿರಬೇಕಿಲ್ಲ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ, ಲೆನ್ಸ್ ಕಣ್ಣಿಗೇ ಅಂಟಿರುತ್ತದೆ. ಪವರ್ 4 ದಾಟಿದರೆ ಈ ದೂರ ಲೆಕ್ಕಕ್ಕೆ ಬರುತ್ತದೆ. ಕನ್ನಡಕದಲ್ಲಿ -6.00, ಸಿಲಿಂಡರ್ -2.00 ಇದ್ದವರಿಗೆ ಲೆನ್ಸ್‌ನಲ್ಲಿ -5.50, ಸಿಲಿಂಡರ್ -1.75 ಹತ್ತಿರ ಬರುತ್ತದೆ. ಅದೂ ಅಲ್ಲದೆ ರೆಡಿ ಟೋರಿಕ್ ಲೆನ್ಸ್‌ಗಳು ಸಾಮಾನ್ಯವಾಗಿ -0.75, -1.25, -1.75, -2.25 ಹೀಗೆ ಅರ್ಧರ್ಧ ಪವರ್‌ನ ಮೆಟ್ಟಿಲಲ್ಲಿ ಬರುತ್ತವೆ. ಆಕ್ಸಿಸ್ 10 ಡಿಗ್ರಿಯ ಮೆಟ್ಟಿಲಲ್ಲಿ. ನಿಮ್ಮದು 175 ಇದ್ದರೆ 170 ಅಥವಾ 180, ಎರಡರಲ್ಲಿ ಒಂದು. ಯಾವುದು ಅನ್ನುವುದು ಹಾಕಿ ನೋಡಿದ ಮೇಲೇ ತಿಳಿಯುವ ವಿಷಯ. ಹಾಗಾಗಿ ಕನ್ನಡಕದ ಚೀಟಿ ನೋಡಿ ಆನ್‌ಲೈನಿನಲ್ಲಿ ಟೋರಿಕ್ ಲೆನ್ಸ್ ತರಿಸುವುದು ನನ್ನ ಪ್ರಕಾರ ದುಡ್ಡು ಹಾಳು ಮಾಡುವ ದಾರಿ.

ಹೆಜ್ಜೆ 3: ಯಾವ ಬಗೆ?

ಸಿಲಿಂಡರ್ 0.50 ಮಾತ್ರ ಇದ್ದರೆ ಟೋರಿಕ್ ಬೇಕಾಗುವುದು ಅಪರೂಪ. 0.75ರಿಂದ ಮೇಲೆ ಕೇಳಿಯೇ ಕೇಳಿ.

ಮೆತ್ತನೆ ಟೋರಿಕ್ ಲೆನ್ಸ್ ತಿರುಗದೆ ನಿಲ್ಲಲು ಅದರ ದಪ್ಪವನ್ನು ಅಲ್ಲಲ್ಲಿ ಬದಲಿಸಿರುತ್ತಾರೆ. ಕೆಲವದರಲ್ಲಿ ಕೆಳಭಾಗ ದಪ್ಪ, ಕೆಲವದರಲ್ಲಿ ಮೇಲೆ ಕೆಳಗೆ ತೆಳು. ಒದ್ದೆ ಕಲ್ಲಂಗಡಿ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಪುಳಕ್ಕನೆ ಜಾರುತ್ತದೆ ಅಲ್ವಾ? ರೆಪ್ಪೆ ಬಡಿದಾಗ ಲೆನ್ಸ್‌ನ ದಪ್ಪ ಭಾಗವೂ ಹಾಗೇ ರೆಪ್ಪೆಯ ಒತ್ತಡದಿಂದ ಜಾರಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಅಂದರೆ ಲೆನ್ಸ್‌ ನಿಲ್ಲಿಸುವ ಕೆಲಸ ಮಾಡುವುದು ನಿಮ್ಮ ರೆಪ್ಪೆ. ರೆಪ್ಪೆ ಬಿಗಿಯಾ, ಸಡಿಲವಾ, ಕಣ್ಣಿನ ಸಂದು ಓರೆಯಾ, ನೇರವಾ, ಎಲ್ಲವೂ ಇಲ್ಲಿ ಲೆಕ್ಕ. ಅದಕ್ಕೇ ಒಂದು ಕಂಪನಿಯದು ನಿಲ್ಲದಿದ್ದರೆ ಇನ್ನೊಂದರದು ನಿಲ್ಲಬಹುದು. ಅಕ್ಯುವ್ಯೂ ಓಯಸಿಸ್, ಬಯೋಫಿನಿಟಿ, ಏರ್ ಆಪ್ಟಿಕ್ಸ್ ಮೂರರಲ್ಲೂ ಟೋರಿಕ್ ಇದೆ, ಮೂರರ ಕಟ್ಟಣೆಯೂ ಬೇರೆ ಬೇರೆ. ಇವುಗಳಲ್ಲಿ ಯಾವುದು ಮೇಲು ಅಂತ ಕೇಳಿ ಉಪಯೋಗವಿಲ್ಲ. ನಿಮ್ಮ ಕಣ್ಣಲ್ಲಿ ಯಾವುದು ನಿಲ್ಲುತ್ತದೆ ಅಂತ ನೋಡಬೇಕು.

ದಪ್ಪ ಭಾಗ ಇರುವುದರಿಂದ ಆಮ್ಲಜನಕ ಚೆನ್ನಾಗಿ ಹಾಯುವ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್ ತೆಗೆದುಕೊಳ್ಳಿ. ನೀರಿನಂಶ ಜಾಸ್ತಿ ಇದ್ದರೆ ಆರಾಮ ಅಂತ ತಿಳಿಯಬೇಡಿ. ಏಸಿ ಕೋಣೆಯಲ್ಲಿ ಅಂಥ ಲೆನ್ಸ್ ಕೆಲವರಿಗೆ ಬೇಗ ಒಣಗುತ್ತದೆ. ಕೈಗೆಟಕುವುದಾದರೆ ದಿನವೂ ಬಿಸಾಡುವ ಲೆನ್ಸ್ ಒಳ್ಳೆಯದು. ತೊಳೆಯುವ ತಾಪತ್ರಯ ಇಲ್ಲ, ಧೂಳು ಅಲರ್ಜಿ ಇದ್ದವರಿಗೆ ಹಿತ. ಆದರೆ ಅದರಲ್ಲಿ ಸಿಲಿಂಡರ್, ಆಕ್ಸಿಸ್‌ಗಳ ಆಯ್ಕೆ ಕಡಿಮೆ. ತಿಂಗಳ ಲೆನ್ಸ್‌ನಲ್ಲಿ ಆಯ್ಕೆ ಜಾಸ್ತಿ. ಬಯೋಫಿನಿಟಿಯ ಎಕ್ಸ್ಆರ್ ಟೋರಿಕ್‌ನಲ್ಲಿ -5.75ರ ತನಕ ಸಿಲಿಂಡರ್ ಸಿಗುತ್ತದೆ, ಆರ್ಡರ್ ಕೊಟ್ಟು ಕಾಯಬೇಕು.

ಹೆಜ್ಜೆ 4: ಟ್ರಯಲ್ ಇಲ್ಲದೆ ಡಬ್ಬಿ ಕೊಳ್ಳಬೇಡಿ

ಇಡೀ ಕೆಲಸದ ಜೀವಾಳ ಇಲ್ಲಿದೆ, ನಿಧಾನವಾಗಿ ಹೇಳುತ್ತೇನೆ.

ಟ್ರಯಲ್ ಲೆನ್ಸ್ ಹಾಕಿದ ತಕ್ಷಣ ಬೋರ್ಡ್ ಓದಿಸಿದರೆ ಒಪ್ಪಬೇಡಿ. ಹೊಸ ಲೆನ್ಸ್‌ಗೆ ಕಣ್ಣಲ್ಲಿ ನೀರು ಬರುತ್ತದೆ, ಲೆನ್ಸ್ ತೇಲಾಡುತ್ತದೆ. 15–20 ನಿಮಿಷ ಹೊರಗೆ ಕೂತು, ಓಡಾಡಿ ಬನ್ನಿ. ಆಮೇಲೆ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದ ಮುಂದೆ ಗಲ್ಲ ಇಟ್ಟು ಕೂರಿಸುತ್ತಾರೆ. ಪ್ರತಿ ಟೋರಿಕ್ ಲೆನ್ಸ್ ಮೇಲೂ ಕೂದಲೆಳೆಯಷ್ಟು ಸಣ್ಣ ಗುರುತು ಇರುತ್ತದೆ. ಕೆಲವದರಲ್ಲಿ ಕೆಳಗೆ, ಗಡಿಯಾರದ 6 ಇರುವ ಜಾಗದಲ್ಲಿ. ಕೆಲವದರಲ್ಲಿ 3 ಮತ್ತು 9ರ ಜಾಗದಲ್ಲಿ.

ನನ್ನ ಎರಡನೇ ಸುತ್ತಿನಲ್ಲಿ ನೋಡಿದ ಆಪ್ಟೋಮೆಟ್ರಿಸ್ಟ್ ಆ ಗುರುತನ್ನು ಮೊಬೈಲಿನಲ್ಲಿ ವಿಡಿಯೊ ತೆಗೆದು ನನಗೇ ತೋರಿಸಿದರು. “ಮಿಟುಕಿಸಿ ಮೇಡಂ. ಮೇಲೆ ನೋಡಿ. ಈಗ ಬಲಕ್ಕೆ. ಮತ್ತೆ ಮಿಟುಕಿಸಿ.” ಪರದೆಯಲ್ಲಿ ಕಂದು ಬಣ್ಣದ ನನ್ನ ಕಣ್ಣು, ಅದರ ಕೆಳಗೆ ಬಿಳಿ ಭಾಗದ ಅಂಚಿನಲ್ಲಿ ಒಂದು ತೆಳು ಗೆರೆ. ಪ್ರತಿ ಸಲ ಮಿಟುಕಿಸಿದಾಗಲೂ ಗೆರೆ ಗಡಿಯಾರದ 5ರ ಕಡೆ ಓಡುತ್ತಿತ್ತು, ನಿಧಾನವಾಗಿ ವಾಪಸ್ ಬರುತ್ತಿತ್ತು. “ನೋಡಿದಿರಾ, ಇದಕ್ಕೇ ನಿಮಗೆ ಒಂದು ಕ್ಷಣ ಸ್ಪಷ್ಟ, ಒಂದು ಕ್ಷಣ ಮಸುಕು” ಅಂದರು. ಬೇರೆ ಕಂಪನಿಯ ಲೆನ್ಸ್ ಹಾಕಿದರು. ಅದರ ಗೆರೆ ನೇರ ಕೆಳಗೆ ಇರಲಿಲ್ಲ, ಅವರ ಎಡಕ್ಕೆ 10 ಡಿಗ್ರಿ ವಾಲಿತ್ತು. ಆದರೆ ಎಷ್ಟು ಮಿಟುಕಿಸಿದರೂ ಅಲ್ಲೇ ಇತ್ತು. ಅವರಿಗೆ ಖುಷಿಯಾಯಿತು. ನನಗೆ ಅರ್ಥವಾಗಲಿಲ್ಲ, ವಾಲಿದೆಯಲ್ಲ ಅಂದೆ. “ವಾಲಲಿ, ಅಲುಗಾಡಬಾರದು ಅಷ್ಟೇ” ಅಂದರು.

ಇದೇ ಗುಟ್ಟು. ಯಾವಾಗಲೂ ಒಂದೇ ಕಡೆ ವಾಲಿ ನಿಲ್ಲುವ ಲೆನ್ಸ್‌ಗೆ ಆಕ್ಸಿಸ್ ಬದಲಿಸಿ ಸರಿ ಮಾಡಬಹುದು. ನೋಡುವವರ ಎಡಕ್ಕೆ ವಾಲಿದ್ದರೆ ಅಷ್ಟು ಡಿಗ್ರಿ ಕೂಡಿಸುತ್ತಾರೆ, ಬಲಕ್ಕಾದರೆ ಕಳೆಯುತ್ತಾರೆ. ನನ್ನ 170ಕ್ಕೆ 10 ಕೂಡಿಸಿ 180ರ ಲೆನ್ಸ್ ತರಿಸಿದರು. ಅದು ಕಣ್ಣಲ್ಲಿ ವಾಲಿ ಸರಿಯಾಗಿ 170ಕ್ಕೆ ಕೂತಿತು. ಆದರೆ ಅತ್ತಿತ್ತ ಓಡುವ ಲೆನ್ಸ್‌ಗೆ ಆಕ್ಸಿಸ್ ಬದಲಿಸಿ ಪ್ರಯೋಜನವಿಲ್ಲ. ಬೇಸ್ ಕರ್ವ್ ಬದಲಿಸಬೇಕು, ಇಲ್ಲವೇ ಕಂಪನಿಯನ್ನೇ ಬದಲಿಸಬೇಕು. “ಮಸುಕಾಗ್ತಿದೆ” ಅಂದ ಕೂಡಲೇ ಗುರುತು ನೋಡದೆ ಪವರ್ ಏರಿಸಲು ಹೊರಟರೆ, ದಯವಿಟ್ಟು ತಡೆದು ಕೇಳಿ: “ಲೆನ್ಸ್ ತಿರುಗಿದೆಯಾ ನೋಡಿದ್ರಾ?”

ಹೆಜ್ಜೆ 5: ಒಂದು ವಾರ ನಿಮ್ಮ ಬದುಕಿನಲ್ಲಿ ಹಾಕಿ ನೋಡಿ

ಅಂಗಡಿಯ ಬೆಳಕು ಬೇರೆ, ನಿಮ್ಮ ದಿನ ಬೇರೆ. ಟ್ರಯಲ್ ಜೋಡಿಯನ್ನು ಮನೆಗೆ ಕೇಳಿ ಪಡೆಯಿರಿ. ಮೊದಲ ದಿನ ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಏರಿಸಿ. ಕಂಪ್ಯೂಟರ್ ಮುಂದೆ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ರಾತ್ರಿ ರಸ್ತೆಯಲ್ಲಿ ಹೇಗಿದೆ ಅಂತ ಗಮನಿಸಿ.

ಒಂದು ಕಣ್ಣು ಮುಚ್ಚಿ ದೂರದ ಅಂಗಡಿಯ ಕನ್ನಡ ಬೋರ್ಡ್ ಓದಿ. ದ ಮತ್ತು ಧ, ಡ ಮತ್ತು ಢ ಇವುಗಳ ನಡುವೆ ಇರುವುದು ಕೆಳಗೊಂದು ಸಣ್ಣ ಸೀಳು ಮಾತ್ರ. ಸಿಲಿಂಡರ್ ಉಳಿದಿದ್ದರೆ ಮೊದಲು ಮಾಯವಾಗುವುದು ಇಂಥ ಗೆರೆಗಳೇ. ಇನ್ನೊಂದು ಕಣ್ಣಿನಲ್ಲೂ ಅದೇ ಬೋರ್ಡ್ ನೋಡಿ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ.

ಕಂಡದ್ದನ್ನು ಬರೆದಿಡಿ, ಯಾಕೆಂದರೆ ಮಸುಕಿನ ಬಗೆಯಲ್ಲೇ ಕಾರಣ ಅಡಗಿದೆ. ಮಿಟುಕಿಸಿದ ತಕ್ಷಣ ಮಸುಕಾಗಿ ಆಮೇಲೆ ತಿಳಿಯಾದರೆ ಲೆನ್ಸ್ ಅಲುಗಾಡುತ್ತಿದೆ. ಮಿಟುಕಿಸಿದಾಗ ತಿಳಿಯಾಗಿ ಕೆಲ ಸೆಕೆಂಡಿಗೆ ಮಸುಕಾದರೆ ಒಣಗುತ್ತಿದೆ. ದಿನವಿಡೀ ಒಂದೇ ಥರ ಮಸುಕಿದ್ದರೆ ಪವರ್ ಅಥವಾ ಆಕ್ಸಿಸ್ ತಪ್ಪಿದೆ. ಬೆಳಗ್ಗೆ ಚೆನ್ನಾಗಿದ್ದು ಸಂಜೆಗೆ ಹೊಗೆ ಕವಿದಂತಾದರೆ ಲೆನ್ಸ್ ಮೇಲೆ ಕೊಳೆ ಕೂತಿರಬಹುದು. ಒಂದು ಮಗ್ಗುಲಿಗೆ ಮಲಗಿ ಟಿವಿ ನೋಡುವಾಗ ಮಾತ್ರ ಮಸುಕಾದರೆ ಗಾಬರಿಯಾಗಬೇಡಿ, ಕೆಳಭಾಗ ದಪ್ಪ ಇರುವ ಲೆನ್ಸ್‌ಗಳು ಮಲಗಿದಾಗ ಸ್ವಲ್ಪ ತಿರುಗುತ್ತವೆ. ಮತ್ತೆ, ಎಡದ್ದು ಬಲಕ್ಕೆ ಹೋಗಿಲ್ಲ ತಾನೇ ಅಂತ ಒಮ್ಮೆ ನೋಡಿಕೊಳ್ಳಿ. ಟೋರಿಕ್‌ನಲ್ಲಿ ಅದಲುಬದಲಾದರೆ ಎರಡೂ ಕಣ್ಣಿನ ನೋಟ ಮಸುಕಾಗುತ್ತದೆ.

ಈ ಟಿಪ್ಪಣಿ ಹಿಡಿದು ವಾಪಸ್ ಹೋಗಿ. ಎರಡನೇ, ಮೂರನೇ ಲೆನ್ಸ್ ಕೇಳಲು ಸಂಕೋಚ ಬೇಡ. ಟೋರಿಕ್‌ನಲ್ಲಿ ಇದು ಮಾಮೂಲಿ, ಕೆಲಸ ಬಲ್ಲವರು ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಬೇರೆ ಕಡೆ ಹೋಗಿ.

ಹಾಕುವಾಗ, ತೆಗೆಯುವಾಗ

ಸೋಪಿನಿಂದ ಕೈ ತೊಳೆದು, ದಾರ ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಹಸಿಮೆಣಸಿನಕಾಯಿ ಹೆಚ್ಚಿದ ದಿನ, ತಲೆಗೆ ಎಣ್ಣೆ ಹಚ್ಚಿದ ದಿನ ಎರಡು ಸಲ ತೊಳೆಯಿರಿ. ಖಾರ ಬೆರಳಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಅಡುಗೆ ಮಾಡುವವರಿಗೆ ಗೊತ್ತಿದೆ. ಸಾಧ್ಯವಾದರೆ ಅಡುಗೆಗೆ ಮುಂಚೆಯೇ ಲೆನ್ಸ್ ಹಾಕಿ.

ಲೆನ್ಸನ್ನು ಬೆರಳ ತುದಿಯಲ್ಲಿ ಇಟ್ಟು ಬೆಳಕಿಗೆ ಹಿಡಿಯಿರಿ. ಅಂಚು ಬಟ್ಟಲಿನಂತೆ ನೆಟ್ಟಗಿದ್ದರೆ ಸರಿ. ಊಟದ ತಟ್ಟೆಯ ಅಂಚಿನಂತೆ ಹೊರಕ್ಕೆ ಬಾಗಿದ್ದರೆ ಒಳಹೊರಗಾಗಿದೆ. ಹಾಗೇ ಹಾಕಿದರೆ ಚುಚ್ಚುತ್ತದೆ, ಸರಿಯಾಗಿ ನಿಲ್ಲುವುದೂ ಇಲ್ಲ. ಗುರುತು ಕಂಡರೆ ಅದು ತನ್ನ ಜಾಗಕ್ಕೆ, ಅಂದರೆ 6ಕ್ಕೆ ಅಥವಾ 3 ಮತ್ತು 9ಕ್ಕೆ ಬರುವಂತೆ ಹಾಕಿ, ಬೇಗ ನೆಲೆ ನಿಲ್ಲುತ್ತದೆ. ಕಾಡಿಗೆ, ಮೇಕಪ್ ಆಮೇಲೆ. ರೆಪ್ಪೆಯ ಒಳ ಅಂಚಿಗೆ ಕಾಡಿಗೆ ಬೇಡವೇ ಬೇಡ. ಹೋಳಿಯ ದಿನ ಕನ್ನಡಕವೇ ಇರಲಿ.

ನಲ್ಲಿ ನೀರು, ಬೋರ್‌ವೆಲ್ ನೀರು, ಫಿಲ್ಟರ್ ನೀರು, ಯಾವುದೂ ಲೆನ್ಸ್‌ಗೂ ಅದನ್ನು ನೆನೆಸಿಡುವ ಡಬ್ಬಿಗೂ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಾರ್ನಿಯಾಕ್ಕೆ ಹತ್ತಿದರೆ ತಿಂಗಳುಗಟ್ಟಲೆ ಚಿಕಿತ್ಸೆ, ದೃಷ್ಟಿಯೂ ಹೋಗಬಹುದು. ಸ್ನಾನಕ್ಕೆ, ಈಜಿಗೆ ಮುಂಚೆ ಲೆನ್ಸ್ ತೆಗೆದಿಡಿ. ಮಲಗುವ ಮುಂಚೆ ಸಹ.

ತೆಗೆದ ಲೆನ್ಸನ್ನು ಅಂಗೈಯಲ್ಲಿ ಇಟ್ಟು, ಸೊಲ್ಯೂಷನ್ ಹಾಕಿ, ಬೆರಳಲ್ಲಿ ಮೆಲ್ಲಗೆ ಉಜ್ಜಿ, ಸೊಲ್ಯೂಷನ್‌ನಲ್ಲೇ ತೊಳೆದು ನೆನೆಸಿ. ‘ಉಜ್ಜಬೇಕಿಲ್ಲ’ ಅಂತ ಬಾಟಲಿ ಮೇಲಿದ್ದರೂ ಉಜ್ಜಿ. ನಿನ್ನೆಯ ಸೊಲ್ಯೂಷನ್ ಮೇಲೆ ಇವತ್ತಿನದು ಸುರಿಯಬೇಡಿ, ಪೂರ್ತಿ ಚೆಲ್ಲಿ ಹೊಸದು ಹಾಕಿ. ಸಲೈನ್ ಅಂದರೆ ಬರೀ ಉಪ್ಪುನೀರು, ಅದರಿಂದ ಕ್ರಿಮಿ ಸಾಯುವುದಿಲ್ಲ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಿ. ತಿಂಗಳ ಲೆನ್ಸ್ ಅಂದರೆ ತೆರೆದ ದಿನದಿಂದ ಒಂದು ತಿಂಗಳು. ಹತ್ತೇ ದಿನ ಹಾಕಿದ್ದರೂ ಬಿಸಾಡಬೇಕು.

ಪರದೆ ನೋಡುವಾಗ ನಾವು ಮಿಟುಕಿಸುವುದು ಕಡಿಮೆ. ಟೋರಿಕ್ ಹಾಕಿದವರಿಗೆ ಮಿಟುಕಿಸುವುದೇ ಲೆನ್ಸ್ ನಿಲ್ಲಿಸುವ ಉಪಾಯ ಕೂಡ. ಆಗಾಗ ಕಣ್ಣು ಪೂರ್ತಿ ಮುಚ್ಚಿ ತೆರೆಯಿರಿ, ಏಸಿಯ ಗಾಳಿ ಮುಖಕ್ಕೆ ನೇರ ಬೀಳದಂತೆ ಕೂರಿ. ಬೇಕಾದರೆ ಲೆನ್ಸ್ ಮೇಲೆ ಹಾಕಬಹುದಾದ, ಪ್ರಿಸರ್ವೇಟಿವ್ ಇಲ್ಲದ ಹನಿ ಕೇಳಿ ಪಡೆಯಿರಿ. ಗಾಡಿ ಓಡಿಸುವಾಗ ಹೆಲ್ಮೆಟ್ ಗಾಜು ಇಳಿಸಿರಿ.

ಮೆತ್ತನೆಯದು ಕೈಕೊಟ್ಟರೆ

ಮೂರು ಬಗೆ ನೋಡಿದರೂ ಸ್ಪಷ್ಟವಾಗದಿದ್ದರೆ ಆರ್‌ಜಿಪಿ ಎಂಬ ಗಟ್ಟಿ ಲೆನ್ಸ್ ಕೇಳಿ. ಅದು ಕಾರ್ನಿಯಾದ ಆಕಾರಕ್ಕೆ ಬಗ್ಗುವುದಿಲ್ಲ. ನಡುವಿನ ಸಂದನ್ನು ಕಣ್ಣೀರು ತುಂಬಿ, ಏರುಪೇರನ್ನು ಸಮ ಮಾಡುತ್ತದೆ. ನೋಟ ತುಂಬಾ ಚೂಪು. ಆದರೆ ಒಗ್ಗಿಕೊಳ್ಳಲು ಒಂದೆರಡು ವಾರವಾದರೂ ಬೇಕು, ಧೂಳು ಒಳಗೆ ಸೇರಿದರೆ ಕಣ್ಣು ಬಿಡಲಾಗದಷ್ಟು ಚುಚ್ಚುತ್ತದೆ. ಕೆರಟೋಕೋನಸ್ ಇದ್ದವರಿಗೆ ಸ್ಕ್ಲೀರಲ್ ಲೆನ್ಸ್ ಇದೆ. ಇದು ದೊಡ್ಡದು, ಕಾರ್ನಿಯಾಕ್ಕೆ ತಾಗದೆ ಕಣ್ಣಿನ ಬಿಳಿ ಭಾಗದ ಮೇಲೆ ಕೂರುತ್ತದೆ, ಒಳಗೆ ಸಲೈನ್ ತುಂಬಿ ಹಾಕಬೇಕು. ನೋಡಲು ಭಯವಾದರೂ ಹಾಕಿದ ಮೇಲೆ ಹಿತ. ಬೆಲೆ ಜಾಸ್ತಿ, ಕೂರಿಸುವ ಅನುಭವ ಇರುವ ಆಸ್ಪತ್ರೆಗೇ ಹೋಗಬೇಕು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ನಲವತ್ತು ದಾಟಿ ಓದುವ ಕನ್ನಡಕವೂ ಬೇಕಾದವರಿಗೆ ದೂರ, ಹತ್ತಿರ ಎರಡಕ್ಕೂ ಆಗುವ ಟೋರಿಕ್ ಮಲ್ಟಿಫೋಕಲ್ ಸಿಗುತ್ತದೆ. ನನ್ನ ಅಕ್ಕ ಅದನ್ನು ಬಿಟ್ಟು ದೂರಕ್ಕೆ ಟೋರಿಕ್ ಹಾಕಿ ಓದಲು ಮೇಲೆ ಕನ್ನಡಕ ಹಾಕುತ್ತಾಳೆ. ಅದೂ ಸರಳ ದಾರಿಯೇ.

ಕೂಡಲೇ ತೆಗೆಯಬೇಕಾದ ಹೊತ್ತು

ಕಣ್ಣು ಕೆಂಪಾಗಿ ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ಲೆನ್ಸ್ ತೆಗೆದ ಮೇಲೂ ಮಬ್ಬು ಹೋಗದಿದ್ದರೆ ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಿ. ಲೆನ್ಸ್ ಮತ್ತು ಡಬ್ಬಿಯನ್ನು ತೊಳೆಯದೆ ಜೊತೆಗೆ ಒಯ್ಯಿರಿ, ಯಾವ ಸೋಂಕು ಅಂತ ಪರೀಕ್ಷಿಸಲು ಬೇಕಾಗಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಹನಿ ಹಾಕಿಕೊಳ್ಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತಿರುತ್ತದೆ. ಇಂಥ ದಿನಕ್ಕಾಗಿ ಸರಿಯಾದ ಪವರ್‌ನ ಕನ್ನಡಕ ಮನೆಯಲ್ಲಿ ಇರಲೇಬೇಕು.

ನಿಮಗೆ ಹೊಂದಿದ ಲೆನ್ಸ್ ಸಿಕ್ಕ ದಿನ ಅದು ಬಂದ ಡಬ್ಬಿಯ ಮೇಲಿರುವ ವಿವರದ ಫೋಟೊ ತೆಗೆದಿಡಿ: ಹೆಸರು, ಬೇಸ್ ಕರ್ವ್, ಡಯಾಮೀಟರ್, ಪವರ್, ಸಿಲಿಂಡರ್, ಆಕ್ಸಿಸ್. ಮುಂದಿನ ಸಲ ಅಂಗಡಿಯಲ್ಲಿ “ಆ ಆಕ್ಸಿಸ್ ಸ್ಟಾಕ್ ಇಲ್ಲ, ಹತ್ತಿರದ್ದು ಕೊಡ್ತೀವಿ” ಅಂದರೆ ಒಪ್ಪಬೇಡಿ, ಆರ್ಡರ್ ಹಾಕಿಸಿ ಕಾಯಿರಿ. ಹಾಗೆ ಕಾಯಬೇಕಾಗುತ್ತದೆ ಅಂತಲೇ ನಾನು ಕೊನೆಯ ಜೋಡಿ ತೆರೆಯುವ ಒಂದು ತಿಂಗಳ ಮುಂಚೆ ಅಂಗಡಿಗೆ ಆರ್ಡರ್ ಹೇಳಿಬಿಡುತ್ತೇನೆ.